ಹೊಸ ಮಸೂರ ಬರುವವರೆಗೆ

ಕನ್ನಡಕದ ಅಂಗಡಿಯ ಯಜಮಾನರಿಗೆ ಒಂದು ಕೆಟ್ಟ ಚಟವಿತ್ತು. ಯಾರನ್ನಾದರೂ ಪರಿಚಯ ಮಾಡಿಕೊಟ್ಟರೆ ಅವರು ಮುಖ ನೋಡುತ್ತಿರಲಿಲ್ಲ, ಮೂಗು ನೋಡುತ್ತಿದ್ದರು. ಆಮೇಲೆ ಕಿವಿ. ಎಡಗಿವಿ ಬಲಗಿವಿಗಿಂತ ಒಂದೆಳೆ ಮೇಲಿದ್ದರೆ ಫ್ರೇಮು ಓರೆಯಾಗುತ್ತದಲ್ಲ ಎಂದು ಒಳಗೊಳಗೇ ಲೆಕ್ಕ ಹಾಕುತ್ತಾ, ಎದುರಿನವರು ಆಡುತ್ತಿರುವ ಮಾತಿಗೆ ಸುಮ್ಮನೆ ತಲೆಯಾಡಿಸುತ್ತಿದ್ದರು. ಹೆಸರು ಮರೆಯುತ್ತಿದ್ದರು, ಮನೆ ಮರೆಯುತ್ತಿದ್ದರು, ಕಣ್ಣಿನ ಪವರ್ ಮಾತ್ರ ಮರೆಯುವ ಆಸಾಮಿಯಲ್ಲ.

ಚಪ್ಪಲಿ ಹೊಲಿಯುವವನ ಗೂಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಕೋಣೆ ಅವರದು. ಮುಂದೆ ಗಾಜಿನ ಕಪಾಟು, ಒಂದು ಕನ್ನಡಿ, ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳ ಹಲಗೆ. ಹಿಂದೆ, ಪರದೆಯ ಆಚೆ, ನೀರು ತೊಟ್ಟಿಕ್ಕುವ ಸಾಣೆಚಕ್ರ. ಸೋದರಮಾವನ ಕೈಕೆಳಗೆ ಬೈಸಿಕೊಂಡು ಕಲಿತ ಕೆಲಸ. ಗಾಜಿನ ಪುಡಿ ಅಂಗಿಯ ತೋಳಿಗೆ ಹಿಡಿದರೆ ಬಿಡುತ್ತಿರಲಿಲ್ಲ, ಅದನ್ನು ಒಗೆದೂ ಒಗೆದೂ ಹೆಂಡತಿಗೆ ಸಾಕುಸಾಕಾಗಿತ್ತು. "ಕಣ್ಣು ಕೊಟ್ಟೋನು ಮೇಲಿದಾನೆ, ನೋಟ ಕೊಡೋನು ಇಲ್ಲಿ ಕೂತಿದೀನಿ" ಎಂದು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದರು. ಕೊಚ್ಚಿಕೊಳ್ಳಲಿ ಬಿಡಿ, ಕೆಲಸ ಬಲ್ಲವರು. ಅವರು ಮಾಡಿಕೊಟ್ಟ ಕನ್ನಡಕ ತಲೆನೋವು ತಂದಿತೆಂದು ವಾಪಸ್ ಬಂದವರು ಕಡಿಮೆ.

ಹೆಂಡತಿಗೆ ಒಬ್ಬಳೇ ತಂಗಿ. ಹಸುಗೂಸಾಗಿದ್ದಾಗ ಬಂದ ಜ್ವರ ಅವಳ ಕಿವಿಯನ್ನು ಹೊತ್ತುಕೊಂಡು ಹೋಗಿತ್ತು. ಕೇಳದ ಮೇಲೆ ಮಾತೂ ಬರಲಿಲ್ಲ. ಅಂಥ ಮಕ್ಕಳಿಗೆ ಕಲಿಸುವ ಶಾಲೆ ಹತ್ತಿರದಲ್ಲೆಲ್ಲೂ ಇರಲಿಲ್ಲವಾದ್ದರಿಂದ ಅಕ್ಕತಂಗಿ ಇಬ್ಬರೇ ಸೇರಿ ಕೈಯಲ್ಲೊಂದು ಭಾಷೆ ಕಟ್ಟಿಕೊಂಡರು. ಯಾವ ಪುಸ್ತಕದಲ್ಲೂ ಇಲ್ಲದ್ದು. ಅಮ್ಮನಿಗೆ ಅದರಲ್ಲಿ ಕಾಲುಭಾಗ ಗೊತ್ತಿತ್ತು, ಅಪ್ಪನಿಗೆ 'ಊಟ', 'ಬಾ' ಎರಡೇ. ಅವರು ತೀರಿಹೋದ ಮೇಲೆ ಆ ಭಾಷೆ ಆಡುವವರು ಜಗತ್ತಿನಲ್ಲಿ ಇಬ್ಬರೇ ಉಳಿದರು.

ತಂಗಿ ಮದುವೆಯಾಗಲಿಲ್ಲ. ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಾ, ಪಕ್ಕದ ಬೀದಿಯಲ್ಲೇ ಒಂದು ಕೋಣೆ ಹಿಡಿದುಕೊಂಡಿದ್ದಳು. ಸಂಜೆ ಕೆಲಸ ಬಿಟ್ಟವಳು ನೇರ ಅಕ್ಕನ ಮನೆಗೆ ಬಂದು ಊಟದ ಮೇಜಿನ ಆಚೆಬದಿ ಕುಳಿತಳೆಂದರೆ ಮುಗಿಯಿತು. ಯಾರ ಕಾಲರಿನಲ್ಲಿ ಯಾವ ಕಲೆ ಇತ್ತು, ಲಾಂಡ್ರಿಯ ಮಾಲೀಕನ ಹೆಂಡತಿ ಗಿರಾಕಿಯ ಸೀರೆ ಉಟ್ಟುಕೊಂಡು ಹೇಗೆ ಮೆರೆದಳು, ಎಲ್ಲ ಬೆರಳುಗಳಲ್ಲೇ. ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಯಜಮಾನರು ಪೇಪರಿನ ಹಿಂದಿನಿಂದ, "ಇವರಿಬ್ಬರ ಬಾಯಿ ಮುಚ್ಚಿಸಬೇಕಂದ್ರೆ ಕೈಕೋಳ ತೊಡಿಸಬೇಕು" ಎನ್ನುತ್ತಿದ್ದರು. ಹೆಂಡತಿ ಅದನ್ನು ತಂಗಿಗೆ ಕೈಯಲ್ಲಿ ದಾಟಿಸುತ್ತಿದ್ದಳು. ತಂಗಿ ಭಾವನ ಕಡೆ ತಿರುಗಿ ಏನೋ ಮಾಡಿ ತೋರಿಸುತ್ತಿದ್ದಳು, ಇಬ್ಬರೂ ಮತ್ತೆ ನಗುತ್ತಿದ್ದರು.

"ಏನಂತಾಳೆ?"

"ನಿಮಗ್ಯಾಕೆ? ಕಲೀರಿ ಅಂದ್ರೆ ಕಲಿಯಲ್ಲ."

"ನೀನಿದೀಯಲ್ಲ ಹೇಳೋಕೆ" ಎಂದು ಅವರು ಪೇಪರ್ ಮಗುಚುತ್ತಿದ್ದರು. ಸಂಸಾರ ಹೂಡಿದಂದಿನಿಂದ ಕೂದಲು ನೆರೆಯುವವರೆಗೂ ಇದೇ ಮಾತು.

ವಯಸ್ಸಾದಂತೆ ಹೆಂಡತಿಯ ಕಣ್ಣೂ ಎಲ್ಲರ ಕಣ್ಣಿನಂತೆ ಹಟ ಹಿಡಿಯಿತು. ಎಳೆಯ ಕಣ್ಣಿನೊಳಗಿನ ಮಸೂರ ಮೆತ್ತಗಿರುತ್ತದೆ, ಹತ್ತಿರ ನೋಡುವಾಗ ಉಬ್ಬಿಕೊಂಡು, ದೂರ ನೋಡುವಾಗ ಚಪ್ಪಟೆಯಾಗುತ್ತದೆ. ವಯಸ್ಸಾದರೆ ಅದು ಗಡುಸಾಗಿ ಹೊಂದಿಕೊಳ್ಳುವುದನ್ನೇ ಬಿಡುತ್ತದೆ. ಯಜಮಾನರು ಬೈಫೋಕಲ್ ಮಾಡಿಕೊಟ್ಟರು. ಮೇಲಿನ ಅರ್ಧ ದೂರಕ್ಕೆ, ಕೆಳಗಿನ ಅರ್ಧ ಓದುವುದಕ್ಕೆ. ತಂಗಿಯ ಕೈಗಳಿರುತ್ತಿದ್ದುದು ಎರಡಕ್ಕೂ ನಡುವೆ, ಮೇಜಿನ ಆಚೆ. ಹೆಂಡತಿ ಕೋಳಿಯ ಹಾಗೆ ಕತ್ತು ಎತ್ತುವುದು, ಇಳಿಸುವುದು. ಅದನ್ನು ತಂಗಿ ಅಣಕಿಸುವುದು. ಯಜಮಾನರು ನಕ್ಕು ಸುಮ್ಮನಾಗಲಿಲ್ಲ. ಟೇಪು ಹಿಡಿದು ಅಕ್ಕನ ಮೂಗಿನಿಂದ ತಂಗಿಯ ಬೆರಳಿನವರೆಗೆ ಅಳೆದು, ಅಷ್ಟೇ ದೂರಕ್ಕೆ ಸರಿಹೊಂದುವ ಒಂದು ಜೋಡಿ ಮಾಡಿಕೊಟ್ಟರು. ಮನೆಯಲ್ಲಿ ಅದಕ್ಕೆ 'ತಂಗಿ ಕನ್ನಡಕ' ಎಂದೇ ಹೆಸರು. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಹೇಳಿ. ಆಮೇಲೆ ನಡೆದದ್ದನ್ನು ನೆನೆದು ಅವರ ಮೇಲೆ ಸಿಟ್ಟು ಬಂದಾಗಲೆಲ್ಲ ಈ ಟೇಪು ಹಿಡಿದ ಮನುಷ್ಯ ಅಡ್ಡ ಬರುತ್ತಾನೆ.

ಆಮೇಲೆ ಹೆಂಡತಿಗೆ ಪೊರೆ ಬಂತು, ಎರಡೂ ಕಣ್ಣಿಗೆ. ಯಜಮಾನರಿಗೆ ಬಹಳ ಕಾಲದಿಂದ ಚೀಟಿ ಬರೆದು ಗಿರಾಕಿಗಳನ್ನು ಕಳಿಸುತ್ತಿದ್ದ ಕಣ್ಣಿನ ಡಾಕ್ಟರು ನೋಡಿ, ಪೊರೆಗಟ್ಟಿದ ಮಸೂರ ತೆಗೆದು ಕೃತಕ ಮಸೂರ ಕೂರಿಸಿಬಿಡೋಣ ಎಂದರು.

"ಒಂದೇ ದೂರಕ್ಕೆ ನಿಲ್ಲೋ ಲೆನ್ಸು ತಾನೇ?" ಎಂದರು ಯಜಮಾನರು.

"ಹೌದು. ದೂರದ್ದು ಚೆನ್ನಾಗಿ ಕಾಣುತ್ತೆ, ಹತ್ತಿರಕ್ಕೆ ನೀವಿದೀರಲ್ಲ, ಕನ್ನಡಕ ಮಾಡಿಕೊಡೋಕೆ." ಡಾಕ್ಟರು ನಕ್ಕರು. ನಕ್ಕು ಸುಮ್ಮನಿರಬಾರದಿತ್ತೇ, ಇನ್ನೊಂದು ಮಾತು ಸೇರಿಸಿದರು. "ಹೊಸದೊಂದು ಬರ್ತಾ ಇದೆ ಅಂತಾರೆ. ಒಳಗಿನ ಸ್ನಾಯು ಎಳೆದ ಹಾಗೆ ಅದೂ ಬಾಗುತ್ತಂತೆ, ಎಳೇ ಕಣ್ಣಿನ ಥರ ದೂರ, ನಡು, ಹತ್ತಿರ ಎಲ್ಲಕ್ಕೂ ತಾನೇ ಹೊಂದಿಕೊಳ್ಳುತ್ತಂತೆ. ಇನ್ನೂ ಪರೀಕ್ಷೆಯಲ್ಲಿದೆ. ಅದಕ್ಕೋಸ್ಕರ ಕಾಯಬೇಡಿ."

ಯಜಮಾನರ ಕಿವಿಗೆ 'ನಡು' ಎಂಬ ಮಾತು ಬಿದ್ದದ್ದೇ, ಕೊನೆಯ ವಾಕ್ಯ ಬೀಳಲೇ ಇಲ್ಲ. ದಾರಿಯುದ್ದಕ್ಕೂ ಹೆಂಡತಿಯ ಮೊಣಕೈ ಹಿಡಿದು ಹೇಳಿದ್ದೇ ಹೇಳಿದ್ದು. "ಇವಳೇ, ಕನ್ನಡಕಾನೇ ಬೇಡ ಕಣೆ. ಎದ್ದ ತಕ್ಷಣ ತಡಕಾಡೋದು ಬೇಡ. ನಿನ್ನ ತಂಗಿ ಎಲ್ಲಿ ಕೂತ್ರೂ ಅವಳ ಕೈ ಕಾಣುತ್ತೆ." ಊರಿಗೆಲ್ಲ ಕನ್ನಡಕ ಹಾಕಿದವರು ತಮ್ಮ ಹೆಂಡತಿಯ ಮೂಗಿನಿಂದ ಅದನ್ನು ಇಳಿಸಬೇಕೆಂದು ಆಸೆಪಟ್ಟರು. ಆಸೆಯಲ್ಲಿ ತಪ್ಪೇನೂ ಇರಲಿಲ್ಲ.

ಕಾಯಲು ಕೂತರು, ವರ್ಷದ ಮೇಲೆ ವರ್ಷ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಕಾಯುತ್ತಿರಲಿಲ್ಲ, ಕಣ್ಣು ಮಂಜಾದಾಗ ವಿಧಿಯಿಲ್ಲದೆ ಆಸ್ಪತ್ರೆ ಹತ್ತುತ್ತಿದ್ದರು. ಆದರೆ ಸಾಣೆಚಕ್ರ ಅವರ ಕೈಯಲ್ಲೇ ಇತ್ತಲ್ಲ. ಪೊರೆ ಬಲಿತಂತೆ ಪವರ್ ಜಾರುತ್ತಿತ್ತು, ಜಾರಿದ ಹಾಗೆಲ್ಲ ಅವರು ಹೊಸ ಗಾಜು ಉಜ್ಜಿ ತರುತ್ತಿದ್ದರು. ಹೆಂಡತಿ ಹಾಕಿಕೊಂಡು ಒಂದಿಷ್ಟು ದಿನ "ಪರವಾಗಿಲ್ಲ" ಎನ್ನುತ್ತಿದ್ದಳು. ಆಮೇಲೆ ಮತ್ತೆ ಮಂಜು. ಯಾವ ಗಾಜು ಹಾಕಿದರೂ ಮಂಜು ಹೋಗದ ಕಾಲ ಬಂದಾಗಲೂ ಅವರು ಬಿಡಲಿಲ್ಲ, ಒಮ್ಮೆ ಹಳದಿ ಛಾಯೆಯ ಗಾಜು ಹಾಕಿದರು, ಮೇಜಿನ ಮೇಲೆ ಪ್ರಖರವಾದ ದೀಪ ಇಟ್ಟರು.

ತಂಗಿ ಮೊದಲು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಕೈಗಳನ್ನು ದೀಪದ ಕೆಳಗೆ ಹಿಡಿದಳು. ಆಮೇಲೆ ಬೆರಳು ಬಿಟ್ಟು ಇಡೀ ತೋಳು ಬೀಸಿ ಮಾತಾಡತೊಡಗಿದಳು. ಅಕ್ಕ ಒಂದು ಸಂಜೆ, ತಂಗಿ ಹೋದ ಮೇಲೆ, ಮೇಜು ಒರೆಸುತ್ತಾ ಹೇಳಿದಳು.

"ಅವಳು ಕೂಗಿದ್ದು ಮಾತ್ರ ಕಾಣುತ್ತೆ ರೀ. ಪಿಸುಗುಟ್ಟಿದ್ದು ಕಾಣಲ್ಲ. ಊಟ ಆಯ್ತಾ, ಮಳೆ ಬಂತು, ಹೋಗ್ತೀನಿ, ಇಷ್ಟೇ ಈಗ ನಮ್ಮ ಮಾತು. ಇರೋ ಲೆನ್ಸೇ ಹಾಕಿಸಿಬಿಡೋಣ."

"ಒಂದ್ಸಲ ಕೂರಿಸಿದ್ರೆ ಕೂರಿಸಿದ್ದೇ. ಬೇಡ ಅಂದಾಗ ಬಿಚ್ಚಿ ಬದಲಾಯಿಸೋಕೆ ಅದೇನು ಫ್ರೇಮಾ? ಇಷ್ಟು ಕಾದಿದೀಯ, ಇನ್ನೊಂದು ಚೂರು ತಡ್ಕೋ."

ಕಣ್ಣಿನ ವಿಷಯದಲ್ಲಿ ಗಂಡನ ಮಾತು ಮೀರಿ ಅವಳಿಗೆ ಅಭ್ಯಾಸವಿರಲಿಲ್ಲ. ತಡೆದುಕೊಂಡಳು.

ಒಂದು ಮಧ್ಯಾಹ್ನ ತಂಗಿ ಅಂಗಡಿಗೇ ಬಂದಳು, ಒಬ್ಬಳೇ. ಹಾಗೆ ಅವಳು ಬಂದವಳೇ ಅಲ್ಲ. ಗಿರಾಕಿ ಹೋಗುವವರೆಗೆ ಕಪಾಟಿನ ಪಕ್ಕ ನಿಂತಿದ್ದು, ಆಮೇಲೆ ಪರದೆ ಸರಿಸಿ ಒಳಗೆ ನುಗ್ಗಿ ಸಾಣೆಚಕ್ರದ ಮೇಲೆ ಅಂಗೈ ಇಟ್ಟು ಬೇಡ ಎಂದು ತಲೆಯಾಡಿಸಿದಳು. ತನ್ನ ಕಣ್ಣಿನಿಂದ ಏನನ್ನೋ ಚಿವುಟಿ ತೆಗೆದು ಬಿಸಾಕುವಂತೆ, ಇನ್ನೊಂದನ್ನು ಇಡುವಂತೆ ಮಾಡಿದಳು. ಗೋಡೆಯ ಗಡಿಯಾರ ತೋರಿಸಿದಳು. ಕೊನೆಗೆ ಎರಡೂ ಕೈ ಜೋಡಿಸಿದಳು. ಇಡೀ ಆಯುಷ್ಯದಲ್ಲಿ ನಾದಿನಿ ಅಕ್ಕನನ್ನು ನಡುವೆ ಇಟ್ಟುಕೊಳ್ಳದೆ ತಮ್ಮೊಡನೆ ನೇರವಾಗಿ ಆಡಿದ್ದು ಅದೊಂದೇ ಮಾತು, ಮತ್ತು ಅದು ಯಜಮಾನರಿಗೆ ಪೂರ್ತಿ ಅರ್ಥವಾಗಿತ್ತು. ಅರ್ಥವಾಗದವರಂತೆ ನಕ್ಕು, ಭುಜ ತಟ್ಟಿ, ಚಹಾ ತರಿಸಿಕೊಟ್ಟರು. ಅವಳು ಕುಡಿಯದೆ ಹೋದಳು.

ಅದೇ ಚಳಿಗಾಲದಲ್ಲಿ ಅವಳಿಗೆ ಎದೆಯ ಸೋಂಕು ತಗುಲಿತು. ಇಸ್ತ್ರಿಯ ಹಬೆ ಕುಡಿದು ಕುಡಿದು ಸವೆದಿದ್ದ ಎದೆ, ತಾಳಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಗಾಜಿನ ಕೋಣೆಯೊಳಗೆ ಮಲಗಿಸಿದರು. ಒಳಗೆ ಯಾರನ್ನೂ ಬಿಡುವಂತಿಲ್ಲ, ಹೊರಗೆ ನಿಂತು ನೋಡಬಹುದು ಅಷ್ಟೇ ಎಂದಳು ನರ್ಸು. ನೋಡಬಹುದು! ಹೆಂಡತಿ ಗಾಜಿಗೆ ಹಣೆ ಒತ್ತಿ ನಿಂತಳು. ಅವಳಿಗೆ ಕಂಡದ್ದು ಬರೀ ಬಿಳುಪು.

ಒಳಗೆ ತಂಗಿ ಅಕ್ಕನನ್ನು ನೋಡಿದಳು. ಬಾಯಿಯ ಮೇಲೆ ಕೊಳವೆಯ ಮುಸುಕು. ಕೈ ಎತ್ತಿದಳು. ತೋಳು ಬೀಸುವಷ್ಟು ಶಕ್ತಿ ಇರಲಿಲ್ಲ, ಬೆರಳಿನಲ್ಲೇ ನಿಧಾನವಾಗಿ ಹೇಳತೊಡಗಿದಳು. ಸಣ್ಣ ಮಾತಲ್ಲ. ಬಹಳ ಹೊತ್ತು ಹೇಳಿದಳು.

"ಮಾತಾಡ್ತಿದಾಳಾ? ರೀ, ಏನಂತಾಳೆ? ನೋಡಿ ಹೇಳ್ರೀ."

ಯಜಮಾನರ ಕಣ್ಣಿಗೆ ಯಾವ ತೊಂದರೆಯೂ ಇರಲಿಲ್ಲ. ನಾದಿನಿಯ ಉಗುರಿನ ಅಂಚು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. "ಕೈ ಎದೆ ಮೇಲೆ ಇಟ್ಟಳು... ಈಗ ಎತ್ತಿದಳು. ಬೆರಳು ಮಡಚಿದಳು."

"ಯಾವ ಬೆರಳು?"

"ಎರಡು... ಅಲ್ಲ, ತೋರುಬೆರಳು. ಈಗ ಏನೋ ಸುತ್ತಿದ ಹಾಗೆ... ಅಯ್ಯೋ, ನಂಗೆ ಹಿಡಿಯೋಕಾಗ್ತಿಲ್ಲ ಕಣೆ."

"ಆಮೇಲೆ? ಕೊನೇಲಿ ಏನು ಮಾಡಿದಳು?"

"ನಿನ್ನನ್ನೇ ನೋಡ್ತಿದಾಳೆ. ಏನೋ ಕೇಳಿದ ಹಾಗಿದೆ. ಉತ್ತರಕ್ಕೆ ಕಾಯ್ತಿದಾಳೆ."

ಹೆಂಡತಿ ಗಾಜಿನಿಂದ ಹಣೆ ತೆಗೆದಳು. ಆಮೇಲೆ ಆ ಬಿಳುಪಿನ ಕಡೆ ಮುಖ ಮಾಡಿ, ನಕ್ಕು, ಹೂಂ ಎಂದು ದೊಡ್ಡದಾಗಿ ತಲೆಯಾಡಿಸಿದಳು. ತಂಗಿ ಕೈ ಇಳಿಸಿ ಕಣ್ಣು ಮುಚ್ಚಿದಳು. ಮಾರನೆಯ ದಿನ ಬೆಳಿಗ್ಗೆ ಆಸ್ಪತ್ರೆಯಿಂದ ಸುದ್ದಿ ಬಂತು.

ಕಾರ್ಯವೆಲ್ಲ ಮುಗಿದ ಮೇಲೆ ಯಜಮಾನರೇ ಹೆಂಡತಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಅವಳ ಕಣ್ಣಿಗೆ ಬೆಳಕು ಬಿಟ್ಟು ನೋಡಿ ನಿಟ್ಟುಸಿರು ಬಿಟ್ಟರು. "ಬಾಗೋ ಲೆನ್ಸು ಬಂದಿದೆ ಯಜಮಾನ್ರೇ. ಆದರೆ ಇವರ ಪೊರೆ ಕಲ್ಲಾಗಿದೆ, ಅದನ್ನ ಹಿಡ್ಕೊಂಡಿರೋ ಚೀಲ ಸಡಿಲವಾಗಿದೆ. ಅಂಥ ಕಣ್ಣಲ್ಲಿ ಅದು ಕೆಲಸ ಮಾಡಲ್ಲ. ಹಳೇ ಥರದ್ದೇ ಹಾಕ್ತೀನಿ. ಕಾಯಬೇಡಿ ಅಂದಿದ್ನಲ್ಲ ನಾನು?"

ಯಜಮಾನರು ತಲೆ ತಗ್ಗಿಸಿ ನಿಂತರು.

ಹಳೆಯ ಮಸೂರವನ್ನೇ ಕೂರಿಸಿದರು. ಚೆನ್ನಾಗಿ ಕೂತಿತು. ಪಟ್ಟಿ ಬಿಚ್ಚಿದ ಮೇಲೆ ಹೆಂಡತಿ ಮನೆಗೆ ಬಂದು ಗೋಡೆಯ ಬಿರುಕು ನೋಡಿದಳು, ಪಾತ್ರೆಯ ಜಿಡ್ಡು ನೋಡಿ ನಾಚಿಕೊಂಡಳು. ಓದುವುದಕ್ಕೆ ಯಜಮಾನರು ಒಂದು ಕನ್ನಡಕ ಮಾಡಿದರು. ಗಾಜು ಆರಿಸಿ, ಅಂಚು ಉಜ್ಜಿ, ಫ್ರೇಮಿಗೆ ಕೂರಿಸಿ, ಎರಡು ತಿರುಪು ಬಿಗಿಯುವಷ್ಟರಲ್ಲಿ ಮುಗಿದೇ ಹೋಯಿತು. ತರಿಸಿಕೊಂಡ ಚಹಾ ಇನ್ನೂ ಬಿಸಿಯಾಗಿತ್ತು. ಇಷ್ಟೇ ಕೆಲಸ. ಇಷ್ಟಕ್ಕೆ ಅಷ್ಟು ವರ್ಷ. ಸಾಣೆಚಕ್ರ ನಿಲ್ಲಿಸಿ, ಪರದೆಯ ಹಿಂದೆ ಕೂತು, ಆ ಮನುಷ್ಯ ಗಿರಾಕಿ ಕೂಗಿದರೂ ಕೇಳಿಸದಂತೆ ಅತ್ತರು.

ಸಂಜೆ ಮನೆಯಲ್ಲಿ ಊಟದ ಮೇಜಿನ ಆಚೆಬದಿ, ನಾದಿನಿ ಕೂರುತ್ತಿದ್ದ ಕುರ್ಚಿಯಲ್ಲಿ ಕೂತು ಕೈ ಮುಂದೆ ಹಿಡಿದರು. "ಕನ್ನಡಕ ಇಲ್ಲದೆ ನೋಡು. ಇಷ್ಟು ದೂರ ಹೇಗೆ ಕಾಣುತ್ತೆ?"

"ಸ್ವಲ್ಪ ಮಸುಕು. ಬೆರಳು ಗೊತ್ತಾಗುತ್ತೆ." ಅವಳು ನೋಡುತ್ತಲೇ ಇದ್ದಳು. "ಇಷ್ಟು ಸಾಕಾಗಿತ್ತು ರೀ."

ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲು ಹೋದರು. ಅವಳು ಬಿಡಲಿಲ್ಲ.

"ಅವತ್ತು ಅವಳು ಮಾಡಿದ್ದು ಮಾಡಿ ತೋರಿಸಿ. ನೀವು ನೋಡಿದೀರಲ್ಲ. ಈಗ ನಂಗೆ ಕಾಣುತ್ತೆ."

ಯಜಮಾನರು ಕೈಯನ್ನು ಎದೆಯ ಮೇಲೆ ಇಟ್ಟರು. ಎತ್ತಿದರು. ತೋರುಬೆರಳು ಮಡಚಿದರು, ಗಾಳಿಯಲ್ಲಿ ಏನನ್ನೋ ಸುತ್ತಿದರು. ಅವಳು ಕಣ್ಣು ಪಿಳುಕಿಸದೆ ನೋಡಿದಳು.

"ಇದು ಏನೂ ಅಲ್ಲ ರೀ."

ಮತ್ತೆ ಮಾಡಿದರು. ಈ ಸಲ ಎರಡು ಬೆರಳು. ಆಮೇಲೆ ಇನ್ನೊಂದು ಕೈಯಲ್ಲಿ ಮಾಡಿದರು. ಎಷ್ಟು ಸಲ ಮಾಡಿದರೂ ಬೇರೆಬೇರೆಯಾಗಿಯೇ ಬರುತ್ತಿತ್ತು, ಯಾವುದೂ ಮಾತಾಗುತ್ತಿರಲಿಲ್ಲ. ಅವಳು ಅವರ ಎರಡೂ ಕೈ ಹಿಡಿದು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು.

"ಸಾಕು ಬಿಡಿ" ಎಂದಳು. "ಅವಳು ಏನೋ ಕೇಳಿದಳು, ನಾನು ಹೂಂ ಅಂದೆ. ಮಾಡ್ತೀನಿ ಅಂತ ಮಾತು ಕೊಟ್ಟೆನೋ ಏನೋ. ಏನು ಮಾಡಬೇಕು ಅಂತ ಗೊತ್ತಿಲ್ಲ."