ಲಾಲಸಾಬನ ಹದಿನಾರು ಎಣಿಕೆ

ಲಾಲಸಾಬ ತನ್ನ ಡ್ರಮ್ಮನ್ನು ಬಬಲೇಶ್ವರದ ಶಾಲೆಯೊಂದಕ್ಕೆ ಮಾರಿದ. ನನಗೆ ಒಂದು ಮಾತೂ ಹೇಳಲಿಲ್ಲ. ಹನ್ನೊಂದು ವರ್ಷ ಅವನ ಬಲಗಡೆ ನಿಂತು ಬಾಸ್ ಊದಿದವನು ನಾನು. ಆ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಅವನು ಯಾಕೆ ಮಾರಿದ ಎಂದು ಯಾರಾದರೂ ಕೇಳಿದರೆ ನಾನು ಮಾತು ಬದಲಿಸುತ್ತೇನೆ. ಇವತ್ತು ಬದಲಿಸುವುದಿಲ್ಲ.

ಲಾಲಸಾಬ ಬಿಜಾಪುರದಲ್ಲಿ ಟಾಂಗಾ ಹೊಡೆಯುತ್ತಿದ್ದ. ಲಗ್ನದ ದಿನಗಳಲ್ಲಿ ಶಿವಯೋಗೆಪ್ಪ ಮಾಸ್ತರರ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಸಣ್ಣ ಆಳು, ಗಿಡ್ಡ ಬೆರಳು, ಒಂದು ಗಳಿಗೆ ಸುಮ್ಮನಿರದ ಕೈ. ಚಹಾದಂಗಡಿಯ ಬೆಂಚು, ಕುದುರೆಗೆ ನೀರಿಡುವ ಡಬ್ಬಿ, ಎಲ್ಲವೂ ಅವನಿಗೆ ಡ್ರಮ್ಮೇ. ನನ್ನದು ಹೆಗಲ ಮೇಲೆ ಹೊತ್ತು ಊದುವ ದೊಡ್ಡ ಹಿತ್ತಾಳೆ ಕೊಂಬು. ಅದಕ್ಕೇ ನಾವು ಬಾಸ್ ಅನ್ನುವುದು. ಮೆರವಣಿಗೆಯಲ್ಲಿ ಜನ ನೋಡುವುದು ಮಾಸ್ತರರ ಕ್ಲಾರಿನೆಟ್ಟನ್ನು. ನಾವಿಬ್ಬರೂ ಹಿಂದಿನ ಸಾಲು.

ಎಪ್ಪತ್ತೇಳನೆಯ ಇಸವಿಯಲ್ಲಿ ಗೋಲಗುಂಬಜ ನೋಡಲು ಬಂದ ಪರದೇಶಿಯೊಬ್ಬ, ಟಾಂಗಾದ ಹಲಗೆಯ ಮೇಲೆ ಇವನು ಬೆರಳಾಡಿಸುವುದನ್ನು ಕೇಳಿ ಮರುಳಾದ. ತನ್ನ ಊರು ಮುಟ್ಟಿದ ಮೇಲೆ ಅಂಚೆಯಲ್ಲಿ ಒಂದು ರೆಕಾರ್ಡ್ ಕಳಿಸಿದ. ಮಲಕಾಜಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಹಾಕಿಸಿ ಕೇಳಿದೆವು. ಹಾಡುವವರೇ ಇಲ್ಲ. ಮುಂದೆ ದಪ್ಪ ತಂತಿಯ ಬಾಸ್ ಗಿಟಾರು ಮತ್ತು ಡ್ರಮ್. ಉಳಿದದ್ದೆಲ್ಲ ಅವುಗಳ ಬೆನ್ನ ಹಿಂದೆ. ನಮ್ಮ ಹಿಂದಿನ ಸಾಲನ್ನು ಯಾರೋ ಎಳೆದು ಮುಂದೆ ನಿಲ್ಲಿಸಿದಂತಿತ್ತು. ನಡುವೆ ಒಂದು ಕಡೆ ಡ್ರಮ್ ಫಕ್ಕನೆ ನಿಲ್ಲುತ್ತದೆ. ಹದಿನಾರು ಎಣಿಕೆ ಬಾಸ್ ಒಂದೇ ನಡೆಯುತ್ತದೆ. ಆಮೇಲೆ ಡ್ರಮ್ ಬಂದು ಬೀಳುತ್ತದೆ.

"ಏನಲೇ ಇದು, ಕಲ್ಲಿನ ಮ್ಯಾಲೆ ಖಾಲಿ ಗಾಡಿ ಹೊಂಟಂಗ ಐತಿ," ಎಂದು ಮಲಕಾಜಪ್ಪ ನಕ್ಕ.

ಲಾಲಸಾಬನ ಕಣ್ಣು ತುಂಬಿತ್ತು. "ಲೇ ಅಮೋಘ್ಯಾ, ಇದು ನಮ್ಮಿಬ್ಬರದ ಐತಲೇ. ಟಿಕೋಟಾದ ಲಗ್ನದಾಗ ಬಾರಿಸೋಣು. ಮೊದಲ ಮಾಸ್ತರನ್ನ ಕೇಳು."

ಕೇಳಲೇಬೇಕಿತ್ತು. ದಾರಿಯಲ್ಲಿ ಸಾವಾದ ಮನೆ ಬಂದರೆ ಡ್ರಮ್ಮಿನವನು ಮೊದಲು ನಿಲ್ಲಿಸಬೇಕು. ಅದನ್ನು ಕೇಳಿ ಎಲ್ಲರೂ ವಾದ್ಯ ಇಳಿಸಿ ಸದ್ದಿಲ್ಲದೆ ದಾಟಬೇಕು. ಅದು ನಮ್ಮ ಬ್ಯಾಂಡಿನ ಕಟ್ಟಳೆ. ಆದರೆ ಆ ವಾರ ಅಂಗಿಯ ಒಂದು ಗುಂಡಿಯ ಸಲುವಾಗಿ ನನಗೂ ಮಾಸ್ತರರಿಗೂ ಜಗಳವಾಗಿತ್ತು. ಅವರ ಮುಂದೆ ಹೋಗಿ ನಿಲ್ಲಲು ನನ್ನ ಸೊಕ್ಕು ಬಿಡಲಿಲ್ಲ. "ಕೇಳೇನಿ, ಹ್ಞೂ ಅಂದಾರ," ಎಂದು ಲಾಲಸಾಬನಿಗೆ ಸುಳ್ಳು ಹೇಳಿಬಿಟ್ಟೆ.

ಹದಿನೈದು ದಿನ ಟಾಂಗಾ ಸ್ಟ್ಯಾಂಡಿನ ಹಿಂದೆ ಇಬ್ಬರೇ ಕಲಿತೆವು. "ನಾ ನಿಲ್ಲಿಸಿದಾಗ ನೀ ಬಿಡಬ್ಯಾಡ," ಎನ್ನುತ್ತಿದ್ದ. "ನೀ ಇದ್ರ ನಾ ತಿರುಗಿ ಬರತೇನಿ."

ಟಿಕೋಟಾದಲ್ಲಿ ಸಂಜೆ ಮೆರವಣಿಗೆ ಊರಬಾಗಿಲ ಅಗಸಿ ದಾಟಿತು. ಲಾಲಸಾಬ ನನ್ನ ಕಡೆ ಹುಬ್ಬು ಹಾರಿಸಿ ಡ್ರಮ್ ನಿಲ್ಲಿಸಿದ. ಕ್ಲಾರಿನೆಟ್ ನಿಂತಿತು. ತುತ್ತೂರಿಗಳು ಇಳಿದವು. ಕುಣಿಯುತ್ತಿದ್ದವರು ನಿಂತಲ್ಲೇ ನಿಂತರು. "ಯಪ್ಪಾ, ಯಾರ ಮನ್ಯಾಗ ಸಾವಾಗೇತ್ರೋ!" ಎಂದು ಮದುಮಗನ ಅಜ್ಜಿ ಚೀರಿದಳು. ಕೊಂಬು ನನ್ನ ತುಟಿಯ ಮೇಲೇ ಇತ್ತು. ಎದೆಯಲ್ಲಿ ಗಾಳಿಯೂ ಇತ್ತು. ಊದಿದ್ದರೆ ಇದು ಸೂತಕವಲ್ಲ, ಬಾಜಾ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಊದಲಿಲ್ಲ. ಲಾಲಸಾಬ ನನ್ನನ್ನೇ ನೋಡುತ್ತ ತುಟಿಯಲ್ಲಿ ಎಣಿಸುತ್ತಿದ್ದ. ಹದಿನಾರಕ್ಕೆ ಸರಿಯಾಗಿ, ಒಬ್ಬನೇ, ಬಾರಿಸಿದ.

ಮಾಸ್ತರರು ತಿರುಗಿದರು. "ಯಾವನಲೇ ನಿನಗ ಇದನ್ನ ಹೇಳಿದಾಂವ?"

ಅವನು ನನ್ನ ಕಡೆ ನೋಡಿದ. ನಾನು ಮುಂದೆ ಹೋಗಿ ಅವನ ಕಪಾಳಕ್ಕೆ ಹೊಡೆದೆ.

"ಇವಂದ ತಲಿ ಕೆಟ್ಟೈತ್ರಿ ಮಾಸ್ತರ," ಎಂದೆ.

ಅವನು ನನ್ನ ಹೆಸರು ಹೇಳಲಿಲ್ಲ. ಕೋಲುಗಳನ್ನು ಸೊಂಟಕ್ಕೆ ಸಿಗಿಸಿಕೊಂಡು ಅಜ್ಜಿಯ ಹತ್ತಿರ ಹೋದ. "ಯಾರೂ ಸತ್ತಿಲ್ಲಬೇ ಯವ್ವಾ, ತಪ್ಪ ನಂದ ಐತಿ," ಎಂದು ಕೈಮುಗಿದ. ಅವನು ಬಂದರೆ ಅಪಶಕುನ ಎಂಬ ಮಾತು ಹೊನವಾಡ, ಸಾರವಾಡದ ತನಕ ಹೋಯಿತು. ಮಾಸ್ತರರು ಅವನನ್ನು ಬ್ಯಾಂಡಿನಿಂದ ಬಿಡಿಸಿದರು. ಡ್ರಮ್ ಮಾರಿದ್ದು ಆಗ.

ಮೂರು ತಿಂಗಳ ಮೇಲೆ, ಎಲ್ಲ ಹೇಳಿಬಿಡಬೇಕೆಂದು ಅವನ ಟಾಂಗಾ ಹತ್ತಿದೆ.

"ಎಲ್ಲಿಗ್ರಿ?" ಎಂದ. ಹನ್ನೊಂದು ವರ್ಷ 'ಲೇ ಅಮೋಘ್ಯಾ' ಎಂದ ಬಾಯಿ ಅದು.

"ಟೇಶನ್ನಿಗೆ," ಎಂದೆ. ದಾರಿಯುದ್ದಕ್ಕೂ ಅವನ ಬೆರಳು ಹಲಗೆಯ ಮೇಲೆ ಸುಮ್ಮನಿದ್ದವು. ಇಳಿದೆ. ಬಾಡಿಗೆ ತೆಗೆದುಕೊಂಡು, ಚಿಲ್ಲರೆ ಕೊಟ್ಟು, ಗಾಡಿ ತಿರುಗಿಸಿದ.

ನಾನು ಅವನಿಗೆ ಕೊಡಬೇಕಾದದ್ದು ಹದಿನಾರು ಎಣಿಕೆಯ ಬಾಸ್. ಕೊಂಬು ಮನೆಯ ಗೂಟಕ್ಕೆ ತೂಗುತ್ತಿದೆ. ಕೊಟ್ಟಿಲ್ಲ.