ಎರಡನೆಯ ಸಾಲಿನ ತಪ್ಪು

ಶಿವಲೀಲಾಳದು ಹನ್ನೊಂದು ವರ್ಷ ಜೀನ್ಸ್ ಹೊಲಿದ ಕೈ. ರಾಯದುರ್ಗದಲ್ಲಿ ಹಾಗೆ ಹೊಲಿದವರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ, ಅದೇನು ದೊಡ್ಡ ಮಾತಲ್ಲ. ಆದರೆ ಹೊಲಿಗೆಯನ್ನು ಮಾತಿನಲ್ಲಿ ಬಿಡಿಸಿ ಹೇಳುವುದು ಅವಳಿಗೇ ಸೈ ಎಂದು ನಾಲ್ಕು ಯೂನಿಟ್ಟಿನವರು ಸೇರಿ ಅವಳನ್ನು ಮಷಿನ್ ಬಿಡಿಸಿ ಕಂಪ್ಯೂಟರಿನ ಮುಂದೆ ಕೂರಿಸಿದರು. ಯಾವ ಬಟ್ಟೆಗೆ ಯಾವ ಸೂಜಿ, ಯಾವ ದಾರ, ಎಲ್ಲವೂ ಈಗ ಅವರ ವೆಬ್ ಆಪ್‌ನ ಸೂಚನೆ ಪುಟಗಳಲ್ಲಿದೆ. ಕನ್ನಡದಲ್ಲಿ ಬರೆಯುವವಳು ಇವಳು. ತೆಲುಗಿಗೆ ತರುವವರು ಪಾಲಯ್ಯ, ಮಂಡಲ ಕಚೇರಿಯ ನಿವೃತ್ತ ಗುಮಾಸ್ತರು. ಬರೆದು ಒಪ್ಪಿಸಿದರೆ ಮುಗಿಯಿತು, ಪುಟಗಳು ತಾವಾಗಿಯೇ ಆಪ್‌ಗೆ ಏರುತ್ತವೆ.

ಒಂದು ಗುರುವಾರ ಏರಲಿಲ್ಲ.

ಹಿಂದಿನ ದಿನ ದಪ್ಪ ಬಟ್ಟೆ ಬಂದಿತ್ತು. ಹದಿನಾರನೇ ನಂಬರಿನ ಸೂಜಿ ಮುರಿದು, ತುಂಡು ಸಿಡಿದು, ಹೊಲಿಯುತ್ತಿದ್ದ ತಿಪ್ಪಕ್ಕನ ರೆಪ್ಪೆ ಹರಿಯಿತು. ಕಣ್ಣು ಉಳಿದದ್ದೇ ಪುಣ್ಯ. ಶಿವಲೀಲಾ ಬೆಳಿಗ್ಗೆಯೇ ಪುಟ ತಿದ್ದಿ, ಇನ್ನೂ ದಪ್ಪನೆಯ ಹದಿನೆಂಟನೇ ಸೂಜಿ ಎಂದು ಬರೆದು ಒಪ್ಪಿಸಿದಳು. ಕೆಂಪು ಗುರುತು ಬಂತು. ಮತ್ತೆ ಒಪ್ಪಿಸಿದಳು, ಮತ್ತೆ ಕೆಂಪು. ಆಪ್‌ನಲ್ಲಿ ಹದಿನಾರೇ ಕೂತಿತ್ತು. ಎರಡು ಗಂಟೆಗೆ ಅದೇ ಬಟ್ಟೆಗೆ ಮುಂದಿನ ಪಾಳಿ ಶುರು.

ತಿಪ್ಪಕ್ಕ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಆ ಪಾಳಿಗೆ ಬಂದಿದ್ದಳು. ಶಿವಲೀಲಾ ಫೋನ್ ಮಾಡಿ, ಹದಿನೆಂಟು ಕೇಳಿ ತಗೊಳ್ಳಿ ಎಂದಳು.

“ಸೂಪರ್‌ವೈಸರ್ ಪುಟ ನೋಡಿ ಸೂಜಿ ಕೊಡ್ತಾನವ್ವ. ಬಾಯಿಮಾತು ನಂಬಬ್ಯಾಡ್ರಿ, ಪುಟ ನೋಡ್ರಿ ಅಂತ ಕಲಿಸಿದಾಕಿ ನೀನ. ಈಗ ಬಾಯಿಮಾತು ಹೇಳಾಕ ಬಂದೀಯೇನು?” ತಿಪ್ಪಕ್ಕ ನಕ್ಕಳು. “ಅವಸರ ಮಾಡಬ್ಯಾಡ ಬಿಡು, ಇನ್ನೊಂದು ಕಣ್ಣು ಐತಿ ನನಗ.”

ಪುಟಗಳ ಪಟ್ಟಿ ಇರುವ ಫೈಲಿನ ಎರಡನೆಯ ಸಾಲಿನಲ್ಲಿ ತಪ್ಪಿದೆ ಎಂದು ಯಂತ್ರ ಆ ಸಾಲನ್ನಷ್ಟೇ ತೋರಿಸುತ್ತಿತ್ತು. ಅದರಲ್ಲಿದ್ದದ್ದು ಆಪ್‌ನ ಹೆಸರು. ಅಕ್ಷರ ಅಕ್ಷರ ಓದಿದರೂ ಕುಂದಿಲ್ಲ. ಈ ವ್ಯವಸ್ಥೆ ಮಾಡಿಕೊಟ್ಟ ಪವನ್ ತಂಗಿಯ ನಿಶ್ಚಿತಾರ್ಥಕ್ಕೆಂದು ರೊಳ್ಳದಲ್ಲಿದ್ದ, ಫೋನ್ ಎತ್ತಲಿಲ್ಲ.

“ಇನ್ನೊಮ್ಮೆ ಒತ್ತವ್ವ,” ಎಂದರು ಪಕ್ಕದಲ್ಲಿದ್ದ ಪಾಲಯ್ಯ. “ನಮ್ಮ ಆಫೀಸಿನಾಗೂ ಅರ್ಜಿ ಮೂರನೇ ಸಲಕ್ಕ ಮುಂದ ಹೋಗ್ತಿತ್ತು.”

ಶಿವಲೀಲಾ ಒತ್ತಲಿಲ್ಲ. ಪ್ಯಾಂಟಿನ ಸೊಂಟದ ಪಟ್ಟಿ ಸೊಟ್ಟ ಬಂದರೆ ಪಟ್ಟಿ ಹಚ್ಚುವವಳನ್ನು ಬೈದು ಫಲವಿಲ್ಲ, ಅದಕ್ಕೂ ಮೊದಲು ಹೊಲಿದ ಕೈ ನೋಡಬೇಕು. ಹನ್ನೊಂದು ವರ್ಷ ಹಾಗೇ ನೋಡಿದವಳು. ಫೈಲನ್ನೇ ತೆರೆದು ಎರಡನೆಯ ಸಾಲನ್ನು ಬಿಟ್ಟು ಅದರ ಮೇಲಿನದನ್ನು ನೋಡಿದಳು. ಅಲ್ಲಿ ನಡುಮಧ್ಯೆ, ಒಂಟಿಯಾಗಿ, ‘ಶ್ರೀ’ ಎಂದಿತ್ತು.

“ಪಾಲಯ್ಯನೋರೆ, ಈ ಫೈಲ್ ತೆಗೆದಿದ್ರೇನ್ರಿ?”

“ಹೂಂ, ಬೆಳಿಗ್ಗೆ ತೆಲುಗು ಪುಟದ ಹೆಸರು ಸೇರಿಸಿದೆ. ನೀವೂ ಕಲೀರಿ ಅಂದಿದ್ದಿಯಲ್ಲ.”

“ಮ್ಯಾಲೆ ಶ್ರೀ ಬರದೀರಿ.”

“ಬರೀದ ಬಿಡ್ತೀನೇನು? ನಲವತ್ತು ವರ್ಷ ಶ್ರೀ ಇಲ್ದ ಒಂದು ಕಾಗದ ಬರದಿಲ್ಲ ನಾನು. ಕಿರಾಣಿ ಚೀಟಿಗೂ ಹಾಕ್ತೀನಿ.”

ಆ ಫೈಲಿನಲ್ಲಿ ಪ್ರತಿ ಸಾಲಿಗೂ ಒಂದು ಹೆಸರು, ಅದರೆದುರು ಒಂದು ವಿವರ ಇರಬೇಕು. ಒಂಟಿ ಶ್ರೀಯನ್ನು ಯಂತ್ರ ಮುಂದಿನ ಸಾಲಿಗೆ ಅಂಟಿಸಿ ಓದಿ, ಅಲ್ಲಿ ಎಡವಿತ್ತು.

ಶಿವಲೀಲಾಳ ಬೆರಳು ಅಳಿಸುವ ಕೀಲಿಯ ಮೇಲೆ ಹೋಯಿತು. ಪಾಲಯ್ಯ ಕನ್ನಡಕ ತೆಗೆದರು.

“ಅಳಿಸ್ತೀಯೇನವ್ವ?”

ಅವಳು ಬೆರಳು ಸರಿಸಿ, ಶ್ರೀಗಿಂತ ಮೊದಲು ಒಂದು # ಹಾಕಿದಳು.

“ಈ ಗುರುತು ಇದ್ರ ಆ ಸಾಲನ್ನ ಮಷಿನ್ ಓದಂಗಿಲ್ರಿ. ಮನುಷ್ಯರು ಓದ್ತಾರ.”

“ದೇವ್ರು?”

“ನಿಮ್ಮ ಕಿರಾಣಿ ಚೀಟಿ ಓದಿದಾತ ಇದನ್ನ ಬಿಡ್ತಾನೇನ್ರಿ?”

ಒಂದೂ ಐವತ್ತಕ್ಕೆ ಹಸಿರು ಗುರುತು ಬಂತು. ಎರಡೂ ಹತ್ತಕ್ಕೆ ಶಿವಲೀಲಾ ಮತ್ತೆ ಫೋನ್ ಮಾಡಿದಳು. ಆ ಕಡೆ ಮಷಿನ್‌ಗಳ ಸದ್ದು ಒಂದೇ ಸಮನೆ ಕೇಳುತ್ತಿತ್ತು.

“ಹದಿನೆಂಟ ಕೊಟ್ಟಾನವ್ವ,” ಎಂದಳು ತಿಪ್ಪಕ್ಕ. “ಇಡು ಫೋನ್, ಕೈತುಂಬ ಕೆಲಸ ಐತಿ.”