ಜೊತೆಗೆ ಬರುವವರ ಹೆಸರು

ಮುದ್ದಕ್ಕನ ಸೊಂಟದ ಚೀಲದಲ್ಲಿ ಎಲೆಅಡಿಕೆಯ ಜೊತೆ ಯಾವಾಗಲೂ ಅರ್ಧ ಬ್ಲೇಡು ಇರುತ್ತಿತ್ತು. ನಮ್ಮ ಬೀದಿಯಲ್ಲಿ ಯಾರ ಮನೆಯ ಟೀಪುಡಿ ಪೊಟ್ಟಣ ಒಡೆಯಬೇಕಾದರೂ ಅವಳೇ ಬರಬೇಕು. ಹಲ್ಲಿನಿಂದ ಕಚ್ಚಿ ಹರಿದರೆ ಅವಳ ಸೀರೆಯನ್ನೇ ಹರಿದ ಹಾಗೆ ಕೂಗಿಕೊಳ್ಳುತ್ತಿದ್ದಳು. "ತಡಿಯೇ, ತಡಿ, ಹಿಂದ್ಗಡೆ ಕೂಪನ್ ಐತೆ!" ಅಂಟು ಹಾಕಿದ ಅಂಚಿಗೆ ಬ್ಲೇಡು ಇಟ್ಟು, ಗಾಯದ ಬಟ್ಟೆ ಬಿಚ್ಚಿದ ಹಾಗೆ ಮೆಲ್ಲಗೆ ಬಿಡಿಸುತ್ತಿದ್ದಳು. ಪುಡಿ ನಮಗೆ, ಕಾಗದ ಅವಳಿಗೆ.

ಅವಳಿಗೆ ನಾನೊಂದು ಕೆಟ್ಟದ್ದು ಮಾಡಿದೆ. ಅದನ್ನು ಬರೆಯಲಿಕ್ಕೇ ಕೂತಿದ್ದೇನೆ. ನನ್ನ ಅಕ್ಷರ ದಪ್ಪ, ಸಾಲು ಸೊಟ್ಟ. ಓದುವವರು ಸುಧಾರಿಸಿಕೊಳ್ಳಿ.

ನಾನು ಮಧುಗಿರಿಗೆ ಮದುವೆಯಾಗಿ ಬಂದು ಏಳೆಂಟು ವರ್ಷವಾಗಿತ್ತು. ಎಂಬತ್ತರ ಇಸವಿಯ ಹಿಂದುಮುಂದು ಇರಬೇಕು. ನಾವಿಬ್ಬರೂ ಎಣ್ಣೆ ಮಿಲ್ಲಿನ ಅಂಗಳದಲ್ಲಿ ಕಡಲೆಕಾಯಿ ಸುಲಿಯಲು ಹೋಗುತ್ತಿದ್ದೆವು. ಅವಳು ನನಗಿಂತ ಹತ್ತು ವರ್ಷ ದೊಡ್ಡವಳು, ದೊಡ್ಡೇರಿ ಕಡೆಯವಳು. ಗಂಡ ಲಾರಿ ಕ್ಲೀನರ್ ಆಗಿದ್ದವನು, ಸತ್ತುಹೋಗಿದ್ದ. ಅವಳು ಅಣ್ಣನ ಮನೆ ಸೇರಿದ್ದಳು. ಬೀದಿಯ ಕೊನೆಯ ದಿನಸಿ ಅಂಗಡಿ ಆ ಅಣ್ಣನದು. ಅವಳು ನಾಲ್ಕನೇ ಕ್ಲಾಸು ಓದಿದ್ದಳು. ನಾನು ಸ್ಕೂಲಿನ ಗೋಡೆ ಮಾತ್ರ ನೋಡಿದ್ದೆ, ಅದೂ ಹೊರಗಡೆಯಿಂದ.

ಸೋಪು, ಟೀಪುಡಿ, ಹಲ್ಲುಪುಡಿ, ಊದುಬತ್ತಿ, ಯಾವುದರ ಮೇಲೆ ಸ್ಪರ್ಧೆ ಬಂದರೂ ಮುದ್ದಕ್ಕ ಬಿಡುತ್ತಿರಲಿಲ್ಲ. ಆದರೆ ಒಂದರಲ್ಲೂ ಅವಳ ಹೆಸರಿಲ್ಲ. ಮಾಲು ಮಾರುವ ಅಂಗಡಿಯವರು, ಅವರ ನೆಂಟರಿಷ್ಟರು ಭಾಗವಹಿಸುವಂತಿಲ್ಲ ಎಂದು ಎಲ್ಲ ಕೂಪನ್ನಿನ ಕೆಳಗೂ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿರುತ್ತಿತ್ತು. ಅಣ್ಣನ ಅಂಗಡಿಯಲ್ಲಿ ಎಲ್ಲ ಮಾಲೂ ಇದ್ದವು. ಹಾಗಾಗಿ ಬೀದಿಯ ಹೆಂಗಸರ ಹೆಸರಿನಲ್ಲೆಲ್ಲ ಬರೆಯುತ್ತಿದ್ದಳು.

"ಮಧುಗಿರಿಯಾಗೆ ನೀನು ಯಾರ ತಂಗಿ ಅಂತ ಕಂಪನಿಯೋರಿಗೆ ಏನು ಕನಸು ಬೀಳ್ತೈತಾ?" ಎಂದು ನಾನು ಒಮ್ಮೆ ಕೇಳಿದೆ.

"ಅವರಿಗೆ ಬೀಳಲ್ಲ. ನನಗೆ ಗೊತ್ತೈತಲ್ಲ," ಎಂದಳು.

ಈ ಹಟದಿಂದ ಬೈಸಿಕೊಂಡದ್ದೂ ಉಂಟು. ಪಕ್ಕದ ಮನೆ ಲಕ್ಕಮ್ಮನ ಮಗಳ ಹೆಸರಿಗೆ ಒಮ್ಮೆ ಸ್ಟೀಲಿನ ಊಟದ ಡಬ್ಬಿಯ ಬಹುಮಾನ ಬಿತ್ತು. ಕಳಿಸುವ ಮುಂಚೆ ಹುಡುಗಿಯ ವಯಸ್ಸು ತಿಳಿಸಿ ಎಂದು ಕಂಪನಿಯವರು ಕಾಗದ ಹಾಕಿದರು. ಹದಿನೆಂಟು ತುಂಬಿರಬೇಕಂತೆ. ಹದಿನೆಂಟು ಅಂತಲೇ ಬರೆ ಎಂದು ಲಕ್ಕಮ್ಮ ಹೇಳಿದಳು. ಮುದ್ದಕ್ಕ ಹದಿನೇಳು ಎಂದು ಬರೆದಳು. ಡಬ್ಬಿ ಬರಲಿಲ್ಲ. ಲಕ್ಕಮ್ಮ ಬೀದಿಗಿಳಿದು, "ನಿನ್ನ ರೂಲ್ಸಿಗೆ ಬೆಂಕಿ ಹಾಕ! ನನ್ ಮಗ್ಳ ಡಬ್ಬಿ ತಿಂದ್ಬುಟ್ಟಲ್ಲೇ!" ಎಂದು ಬೊಬ್ಬೆ ಹೊಡೆದಳು. ಮುದ್ದಕ್ಕ ಜಗಲಿಯ ಮೇಲೆ ಕೂತು, "ಮೊದ್ಲೇ ರೂಲ್ಸು ಓದದಂಗೆ ಹೆಸ್ರು ಬರ್ದಿದ್ದು ನನ್ ತಪ್ಪು ಕಣಮ್ಮ. ಬೈಯಿ, ಬೈಯಿ," ಎನ್ನುತ್ತಾ ಎಲೆಗೆ ಸುಣ್ಣ ಹಚ್ಚಿಕೊಂಡಳು. ಲಕ್ಕಮ್ಮನಿಗೆ ಬೈಯುವ ಉಮೇದೇ ಹೋಯಿತು.

ಡಬ್ಬಿ, ಗಡಿಯಾರ ಇವೆಲ್ಲ ಅವಳಿಗೆ ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಸಮುದ್ರ. ಗಂಡ ಮಂಗಳೂರಿಗೆ ಲೋಡು ಹೋದಾಗ ನೋಡಿಬಂದು ಹೇಳುತ್ತಿದ್ದನಂತೆ, ನಿನಗೂ ತೋರಿಸುತ್ತೇನೆ ಅಂದಿದ್ದನಂತೆ. ಆ ವರ್ಷ ಟೀಪುಡಿಯ ಕೂಪನ್ನಿನ ಮೇಲೆ 'ಇಬ್ಬರಿಗೆ ಕನ್ಯಾಕುಮಾರಿ ಪ್ರವಾಸ' ಎಂದು ಬಂತು. ಮುದ್ದಕ್ಕ ಅದನ್ನು ಹಿಡಿದುಕೊಂಡು ಮಿಲ್ಲಿನ ಅಂಗಳಕ್ಕೆ ಬಂದಳು. ಒಬ್ಬರಿಗೆ ಒಂದೇ ಕೂಪನ್ನು. 'ಈ ಚಹಾ ನನಗೆ ಇಷ್ಟ, ಏಕೆಂದರೆ' ಎಂಬುದನ್ನು ಹತ್ತು ಪದದೊಳಗೆ ಮುಗಿಸಬೇಕು.

"ಕಮಲಿ, ನಿಂಗ್ಯಾಕೆ ಟೀ ಇಷ್ಟ ಹೇಳು."

"ಕುಡ್ದು ಲೋಟ ಇಡೋಗಂಟ ನಮ್ಮತ್ತೆ ಬೈಯಲ್ಲ, ಅದಕ್ಕೆ," ಎಂದೆ.

ಅವಳು ನಗಲಿಲ್ಲ. ಅದನ್ನೇ ಪುಸ್ತಕದ ಮಾತಿನಲ್ಲಿ ಬರೆದಳು. ಕೆಳಗೆ ನನ್ನ ಸಹಿ ಬೇಕು, ಹೆಬ್ಬೆಟ್ಟು ನಡೆಯುವುದಿಲ್ಲ. ನೀನೇ ಗೀಚಿಬಿಡು ಎಂದೆ. "ನಿನ್ ಕೈ ನಿಂದೇ ಆಗ್ಬೇಕು," ಎಂದವಳು ಕಡಲೆಕಾಯಿ ಸಿಪ್ಪೆಗಳನ್ನು ನೆಲದ ಮೇಲೆ ಜೋಡಿಸಿ ಕ ತೋರಿಸಿದಳು. ಆಮೇಲೆ ಮ, ಆಮೇಲೆ ಲ. ಕೊನೆಯ ಮ್ಮ ಬರಲು ಒಂದು ವಾರ ಹಿಡಿಯಿತು. ಕಮಲಮ್ಮ ಎಂದು ನಾನು ಸಹಿ ಹಾಕಿದ ದಿನ ಅವಳು ಕೇಳಿದಳು.

"ನಿನ್ ಹೆಸ್ರಿಗೆ ಬಂದ್ರೆ ನನ್ನ ಕರ್ಕೊಂಡೋಗ್ತೀಯೇನೇ?"

"ಇನ್ಯಾರನ್ನ ಕರ್ಕೊಂಡೋಗ್ಲಿ, ನಮ್ಮತ್ತೇನಾ?"

ಇಬ್ಬರೂ ನಕ್ಕೆವು. ನಾನು ಕೊಟ್ಟ ಮಾತು ಅದು.

ಬಹುಮಾನ ಬಂದೇಬಿಟ್ಟಿತು. ಕಾಗದ ಇಂಗ್ಲಿಷಿನಲ್ಲಿತ್ತು. ಪೋಸ್ಟಾಫೀಸಿನವರು ಓದಿ ಹೇಳಿದರು. ಹೇಳಿದ ತಾರೀಖಿಗೇ ಹೋಗಬೇಕು, ಬಿಟ್ಟರೆ ಬದಲಿಗೆ ದುಡ್ಡು ಕೊಡುವುದಿಲ್ಲ. ಬೆಂಗಳೂರಿನವರೆಗೆ ನಮ್ಮ ಖರ್ಚಿನಲ್ಲೇ ಬರಬೇಕು. ಫೋಟೋದ ಮೇಲೆ ದೊಡ್ಡ ಆಫೀಸರ ಸಹಿ ಬೇಕು. ಗೆದ್ದವರು ಹೋಗಲೇಬೇಕು. ಜೊತೆಗೆ ಹದಿನೆಂಟು ದಾಟಿದ ಯಾರಾದರೂ ಒಬ್ಬರು ಬರಬಹುದು. ಯಾರಾದರೂ ಒಬ್ಬರು, ಎಂದು ಅವರು ಎರಡು ಸಲ ಹೇಳಿದರು. ನಾನು ಕಿವಿಯಾರೆ ಕೇಳಿದೆ.

ಬೀದಿಗೆಲ್ಲ ಸುದ್ದಿಯಾಯಿತು. ನಮ್ಮತ್ತೆ, "ನನ್ ಬೈಗುಳಕ್ಕೆ ಬಹುಮಾನ ಬಂತು, ಇವಳಿಗಲ್ಲ," ಎಂದು ಮೀಸೆ ಇಲ್ಲದಿದ್ದರೂ ತಿರುವಿದಳು. ಜನ ಮಾತ್ರ, "ಮುದ್ದಕ್ಕ ಗೆದ್ಲಂತೆ," ಎನ್ನುತ್ತಿದ್ದರು. ಹೆಸರು ನನ್ನದು, ಮಾತು ನನ್ನದು, ಹೊಗಳಿಕೆ ಅವಳಿಗೆ ಎಂದು ನನಗೆ ಉರಿಯಿತು. ಇನ್ನೊಂದೂ ಇತ್ತು. ನನ್ನ ಗಂಡ ನನ್ನನ್ನು ತೌರಿಗೆ ಬಿಟ್ಟರೆ ಇನ್ನೆಲ್ಲಿಗೂ ಕರೆದುಕೊಂಡು ಹೋದವನಲ್ಲ. ಹೂ ಮುಡಿದು ಅವನ ಪಕ್ಕ ಬಸ್ಸಿನಲ್ಲಿ ಕೂರಬೇಕು, ಬೀದಿಯವರು ನೋಡಬೇಕು ಎಂದು ಆಸೆ ಹತ್ತಿತು. ಗಂಡ ಗದರಿದ, ಅತ್ತೆ ತಡೆದಳು ಎಂದು ಬರೆದರೆ ನನಗೆ ಹಗುರ. ಯಾರೂ ತಡೆಯಲಿಲ್ಲ.

ಕಾಗದದ ಜೊತೆ ಬಂದಿದ್ದ ಕನ್ನಡದ ಫಾರಂ ತುಂಬಲು ಮುದ್ದಕ್ಕ ಪೆನ್ನು ಹಿಡಿದು ಬಂದಳು. ನಾನು ಹೇಳಿದೆ, "ಅಕ್ಕ, ಗಂಡನೇ ಬರ್ಬೇಕಂತೆ. ಕಾಗದದಾಗೆ ಅಂಗೇ ಐತಂತೆ."

ಅವಳು ನನ್ನ ಮುಖ ನೋಡಿದಳು. ಪೆನ್ನಿನ ಕ್ಯಾಪು ಹಾಕಿದಳು, ಮತ್ತೆ ತೆಗೆದಳು. "ರೂಲ್ಸು ಅಂದ್ರೆ ರೂಲ್ಸು," ಎಂದಳು.

ಎಲ್ಲವನ್ನೂ ಅವಳೇ ತುಂಬಿದಳು. ನನ್ನನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದಳು. ಆಸ್ಪತ್ರೆಯ ಡಾಕ್ಟರ ಸಹಿಗೆ ಅರ್ಧ ದಿನ ಬಾಗಿಲಲ್ಲಿ ಕಾದಳು. 'ಜೊತೆಗೆ ಬರುವವರ ಹೆಸರು' ಎಂಬಲ್ಲಿ ಮಾತ್ರ ಖಾಲಿ ಬಿಟ್ಟು, "ಇದನ್ನ ಯಾರ ಕೈಲಾದ್ರೂ ಬರೆಸ್ಕೊ," ಎಂದಳು. ಪೋಸ್ಟಾಫೀಸಿನಲ್ಲಿ ನನ್ನ ಗಂಡನ ಹೆಸರು ಬರೆಸಿದೆ.

ಹೊರಡುವ ಹಿಂದಿನ ದಿನ ಒಂದು ಹೊಸ ರೆಕ್ಸಿನ್ ಬ್ಯಾಗು ತಂದುಕೊಟ್ಟಳು. ತನಗೆಂದು ಕೊಂಡಿದ್ದದ್ದು. "ತಗೊಂಡೋಗು, ನಿನ್ ಗಂಟು ಅಲ್ಲಿ ಚೆಂದಾಗಿ ಕಾಣಲ್ಲ."

ಕನ್ಯಾಕುಮಾರಿಯ ದಾರಿಯುದ್ದಕ್ಕೂ ನನ್ನ ಗಂಡ ವಾಂತಿ ಮಾಡಿಕೊಂಡ. ಆ ಬಸ್ಸಿನಲ್ಲಿ ಗೆದ್ದವರೊಬ್ಬರು ತಂಗಿಯನ್ನು ಕರೆತಂದಿದ್ದರು, ಇನ್ನೊಬ್ಬರು ಮುದುಕಿ ತಾಯಿಯನ್ನು. ಅವರನ್ನು ಕಂಡಾಗಲೆಲ್ಲ ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ. ಸಮುದ್ರದ ಮುಂದೆ ನಿಂತಾಗ ಕಾಲಡಿಯ ಮರಳು ಜಾರಿತು. ಅಷ್ಟು ನೀರು! ಕಣ್ಣು ಎಲ್ಲಿ ನಿಲ್ಲಿಸಬೇಕೋ ತಿಳಿಯಲಿಲ್ಲ. ಗಂಡ ದಡದಲ್ಲಿ ಕುಕ್ಕರುಗಾಲಲ್ಲಿ ಕೂತು, "ನೋಡಾಯ್ತಲ್ಲ, ನಡಿ," ಎಂದ.

ವಾಪಸು ಬಂದ ಮೇಲೆ ಮುದ್ದಕ್ಕ ಕೇಳಿದ್ದು ಒಂದೇ. "ಸಮುದ್ರ ಹೆಂಗಿತ್ತೇ?"

"ಏನಿಲ್ಲ ಬುಡಕ್ಕ, ನಮ್ಮ ಸಿರಾ ಕೆರೆಯಂಗೇ. ಸ್ವಲ್ಪ ಉಪ್ಪು." ಅವಳಿಗೆ ನೋವಾಗದಿರಲಿ ಎಂದು ಹಾಗೆ ಹೇಳಿದೆ ಅಂದುಕೊಂಡಿದ್ದೆ. ನನ್ನ ತಪ್ಪು ಸಣ್ಣದಾಗಿ ಕಾಣಲಿ ಎಂದು ಹೇಳಿದ್ದು.

ಬ್ಯಾಗು ಹಿಂದಕ್ಕೆ ಕೊಡುವಾಗ ಪಕ್ಕದ ಜೇಬಿನಲ್ಲಿ ಒಂದು ಪೋಸ್ಟ್‌ಕಾರ್ಡು ಸಿಕ್ಕಿತ್ತು. ಆಗಿನ್ನೂ ನನಗೆ ಓದಲು ಬರುತ್ತಿರಲಿಲ್ಲ. ನನ್ನ ಬಹುಮಾನದ್ದೇ ಕಾಗದವಿರಬೇಕು ಎಂದು ಟ್ರಂಕಿಗೆ ಹಾಕಿಟ್ಟೆ.

ಮುದ್ದಕ್ಕ ಪಾಠ ನಿಲ್ಲಿಸಲಿಲ್ಲ. ಸಹಿಗಷ್ಟೇ ಸಾಕು ಎಂದರೂ, "ನಾಲ್ಕು ಅಕ್ಷರ ಬಂದೈತೆ, ಮಿಕ್ಕಿದ್ದಕ್ಕೇನು ರೋಗ?" ಎಂದು ದಿನವೂ ಊಟದ ಹೊತ್ತಿನಲ್ಲಿ ಸಿಪ್ಪೆ ಜೋಡಿಸುತ್ತಿದ್ದಳು. ವರ್ಷ ತುಂಬುವುದರೊಳಗೆ ಅಂಗಡಿಗಳ ಬೋರ್ಡು ಓದುತ್ತಿದ್ದೆ. ಒಂದು ಮಧ್ಯಾಹ್ನ ಟ್ರಂಕು ತೆಗೆದಾಗ ಆ ಕಾರ್ಡು ಕಂಡಿತು. ಕನ್ನಡದಲ್ಲಿ, ಬಿಡಿಬಿಡಿ ಅಕ್ಷರದಲ್ಲಿತ್ತು. ಬೆರಳಿಟ್ಟುಕೊಂಡು ಓದಿದೆ. ಮೇಲೆ ಟೀಪುಡಿ ಕಂಪನಿಯ ಮೊಹರು. 'ಶ್ರೀಮತಿ ಮುದ್ದಮ್ಮನವರಿಗೆ. ತಾವು ಕೇಳಿದಂತೆ, ಅಂಗಡಿಯವರ ಬಂಧುಗಳು ಸ್ಪರ್ಧಿಸುವಂತಿಲ್ಲ. ಆದರೆ ಗೆದ್ದವರ ಜೊತೆಗೆ ಯಾರು ಬೇಕಾದರೂ ಪ್ರವಾಸಕ್ಕೆ ಬರಬಹುದು.'

ಮೊಹರಿನ ತಾರೀಖು ನನ್ನ ಬಹುಮಾನದ ಕಾಗದಕ್ಕಿಂತ ಹಿಂದಿನದು. ಅವಳಿಗೆ ಮೊದಲೇ ಗೊತ್ತಿತ್ತು. ನಾನು ಸುಳ್ಳು ಹೇಳಿದಾಗ, ಕಾರ್ಡು ಮನೆಯಲ್ಲಿಟ್ಟುಕೊಂಡೇ ಫಾರಂ ತುಂಬಿದ್ದಳು. ಯಾರ ಸಹಾಯವೂ ಇಲ್ಲದೆ ನಾನು ಪೂರ್ತಿ ಓದಿದ ಮೊದಲ ಕಾಗದ ಅದೇ.

ಮಾರನೆಯ ದಿನ ಕಾರ್ಡನ್ನು ಕುಪ್ಪಸದೊಳಗೆ ಇಟ್ಟುಕೊಂಡು ಮಿಲ್ಲಿಗೆ ಹೋದೆ. ತೆಗೆಯಲಾಗಲಿಲ್ಲ. "ನಿನ್ನೆ ಏನು ಓದ್ದೆ?" ಎಂದಳು. "ಏನೂ ಇಲ್ಲ," ಎಂದೆ. ಅವಳು ಸಿಪ್ಪೆ ಜೋಡಿಸತೊಡಗಿದಳು.

ಆಮೇಲೆ ಅವಳ ಅಣ್ಣ ಅಂಗಡಿ ಮುಚ್ಚಿ, ಪಾವಗಡದ ಹತ್ತಿರ ನಾಗಲಮಡಿಕೆಯಲ್ಲಿದ್ದ ಮಗಳ ಊರಿಗೆ ಹೊರಟ. ಮುದ್ದಕ್ಕನೂ ಹೊರಟಳು. ಬಸ್ ಸ್ಟ್ಯಾಂಡಿಗೆ ಹೋದೆ. ಅದೇ ರೆಕ್ಸಿನ್ ಬ್ಯಾಗು ಅವಳ ತೊಡೆಯ ಮೇಲಿತ್ತು, ಇನ್ನೂ ಹೊಸದಾಗಿಯೇ. ಕಿಟಕಿಯಿಂದ ಬಗ್ಗಿ ಕೇಳಿದಳು, "ಕಮಲಿ, ನಿಜ ಹೇಳು. ಸಮುದ್ರ ಸಿರಾ ಕೆರೆಯಂಗೇ ಇತ್ತಾ?"

"ಇಲ್ಲಕ್ಕ," ಎಂದೆ. "ಆ ಕಡೆ ದಡಾನೇ ಕಾಣಲ್ಲ. ನಿಂತ್ರೆ ಕಾಲು ನಡುಗ್ತವೆ."

"ಇದನ್ನ ಅವತ್ತೇ ಹೇಳ್ಬಾರ್ದಾಗಿತ್ತೇನೇ?" ಎಂದಳು. ಸಿಟ್ಟಿರಲಿಲ್ಲ. ಕಾರ್ಡಿನ ಮಾತು ನನ್ನ ಬಾಯಿಗೆ ಬರುವಷ್ಟರಲ್ಲಿ ಬಸ್ಸು ಹೊರಟಿತು. ಮಾತು ಬಾಯಿಗೆ ಬಂದಿತ್ತೋ ಇಲ್ಲವೋ, ತಪ್ಪನ್ನು ಬಸ್ಸಿನ ಮೇಲೆ ಹಾಕುತ್ತಿದ್ದೇನೆ.

ಎರಡು ವರ್ಷಕ್ಕೆ ಜ್ವರ ಬಂದು ಹೋದಳಂತೆ. ಮಣ್ಣಿಗೆ ನಾನು ಹೋಗಲಿಲ್ಲ. ಬಸ್ಸಿತ್ತು, ಹೋಗಬಹುದಿತ್ತು.

ಈಗಲೂ ಟೀಪುಡಿ ಪೊಟ್ಟಣವನ್ನು ನಾನು ಹಲ್ಲಿನಿಂದ ಹರಿಯುವುದಿಲ್ಲ. ಅಂಚಿಗೆ ಬ್ಲೇಡು ಇಟ್ಟು ಬಿಡಿಸಿ, ಹಿಂದುಗಡೆ ತಿರುಗಿಸಿ ನೋಡುತ್ತೇನೆ. ಅಲ್ಲಿ ಏನೂ ಬರೆದಿರುವುದಿಲ್ಲ.